ಉಲ್ಲನ್ ಸುತ್ತುವ ಇಬ್ಬರು ಹೆಂಗಸರು

(ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿರುವ ಚಿತ್ರ ನೋಡಿ. ಇಬ್ಬರು ಹೆಂಗಸರು ಕುರ್ಚಿಯಲ್ಲಿ ಎದುರುಬದುರು ಕೂತಿದ್ದಾರೆ. ಒಬ್ಬಳು ಎರಡೂ ಕೈ ಮುಂದೆ ಚಾಚಿ ಉಲ್ಲನ್ ದಾರದ ಲಡಿ ಹಿಡಿದಿದ್ದಾಳೆ. ಇನ್ನೊಬ್ಬಳು ಅದರಿಂದ ಎಳೆ ತೆಗೆದು ಉಂಡೆ ಸುತ್ತುತ್ತಿದ್ದಾಳೆ. ಕೋಣೆಯಲ್ಲಿ ಹೇಳಿಕೊಳ್ಳುವಂಥ ಸಾಮಾನು ಏನೂ ಇಲ್ಲ. ಕಥೆಯೂ ಇಲ್ಲ. ಇದನ್ನು ಬರೆದವನು ಹೆನ್ರಿ ಮೂರ್, ಇಂಗ್ಲೆಂಡಿನ ಶಿಲ್ಪಿ. ಬರೆದದ್ದು 1949ರಲ್ಲಿ. ಚಿತ್ರ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

ಮೂರ್ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ದೊಡ್ಡ ದೊಡ್ಡ ಕಂಚಿನ ಶಿಲ್ಪಗಳು. ಒರಗಿ ಮಲಗಿದ ಹೆಂಗಸು, ಮೈಯ ನಡುವೆ ತೂತು. 1987ರಲ್ಲಿ ದೆಹಲಿಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವನ ಕೆಲಸದ ದೊಡ್ಡ ಪ್ರದರ್ಶನ ನಡೆಯಿತು. ನಮ್ಮಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಶಿಲ್ಪಿಗಳು ಆಗ ರೈಲು ಹತ್ತಿ ಹೋಗಿ ನೋಡಿ ಬಂದಿದ್ದರು. ಹೋದವರೆಲ್ಲ ಮಾತಾಡುವುದು ಶಿಲ್ಪದ ಬಗ್ಗೆಯೇ. ಇವತ್ತು ನಾನು ಶಿಲ್ಪಕ್ಕೆ ಕೈ ಹಾಕುವುದಿಲ್ಲ. ಮೇಣದ ಕ್ರೆಯಾನ್, ಶಾಯಿ, ಒಂದಿಷ್ಟು ನೀರು ಬಣ್ಣ. ಇಷ್ಟರಲ್ಲೇ ಇರೋಣ.

ಈ ಚಿತ್ರ ನೋಡಿದ ತಕ್ಷಣ ಹೆಚ್ಚಿನವರು ಹೇಳುವ ಮಾತು ಒಂದೇ. ಎರಡನೇ ಮಹಾಯುದ್ಧ ಮುಗಿಯಿತು, ಜನ ಮನೆಗೆ ಬಂದರು, ನೆಮ್ಮದಿಯಾಗಿ ಕೂತು ಸ್ವೆಟರ್ ಹೆಣೆಯುತ್ತಿದ್ದಾರೆ ಅಂತ. ನನಗೆ ಹಾಗೆ ಕಾಣುವುದಿಲ್ಲ. ಈ ಹೆಂಗಸರ ಮುಖ ನೋಡಿ. ಮೈ ಅಷ್ಟು ದಪ್ಪ, ತಲೆ ಮಾತ್ರ ಚಿಕ್ಕದು. ಮುಖದಲ್ಲಿ ನಗು ಇಲ್ಲ, ಮಾತಿನ ಸುಳಿವಿಲ್ಲ. ಎಚ್ಚರವಾಗಿರುವುದು ಕೈ ಮಾತ್ರ. ಇದನ್ನು ಸುಮ್ನೆ ಹೇಳುತ್ತಿಲ್ಲ. ಈ ಕೈ, ಈ ಬಟ್ಟೆಯ ಮಡಿಕೆ, ಈ ಗೆರೆ ಎಲ್ಲವನ್ನೂ ಮೂರ್ ಕಲಿತದ್ದು ಬಾಂಬು ಬೀಳುತ್ತಿದ್ದ ರಾತ್ರಿಗಳಲ್ಲಿ, ನೆಲದಡಿಯ ಸುರಂಗದಲ್ಲಿ. ಒಂಬತ್ತು ವರ್ಷ ಆದಮೇಲೂ ಅವನ ಕೈ ಆ ಸುರಂಗದಿಂದ ಪೂರ್ತಿ ಹೊರಗೆ ಬಂದಿಲ್ಲ. ನಾನು ಹೇಳಬೇಕೆಂದಿರುವುದು ಇದನ್ನೇ. ಈಗ ಆ ಸುರಂಗಕ್ಕೇ ಹೋಗೋಣ.

1940ರ ಸೆಪ್ಟೆಂಬರ್ 7ರಂದು ಜರ್ಮನ್ ವಿಮಾನಗಳು ಲಂಡನ್ ಮೇಲೆ ದೊಡ್ಡ ಮಟ್ಟದಲ್ಲಿ ಬಾಂಬು ಹಾಕಲು ಶುರು ಮಾಡಿದವು. ಮುಂದೆ ಎರಡು ತಿಂಗಳು, ಹೆಚ್ಚುಕಮ್ಮಿ ಪ್ರತಿ ರಾತ್ರಿ ಅದೇ ಗೋಳು. ಜನ ಹಾಸಿಗೆ, ಕಂಬಳಿ ಕಟ್ಟಿಕೊಂಡು ಟ್ಯೂಬ್ ಸ್ಟೇಷನ್ನುಗಳಿಗೆ ಇಳಿದರು. ನೆಲದಡಿಯ ರೈಲಿಗೆ ಅಲ್ಲಿ ಟ್ಯೂಬ್ ಅಂತಾರೆ. ಸರ್ಕಾರಕ್ಕೆ ಮೊದಲು ಇದು ಇಷ್ಟವಿರಲಿಲ್ಲ. ಸ್ಟೇಷನ್ ಇರುವುದು ರೈಲಿಗೆ, ಮಲಗುವುದಕ್ಕಲ್ಲ ಎಂಬ ವಾದ. ಜನ ಕೇಳಬೇಕಲ್ಲ! ಟಿಕೆಟ್ ತಗೊಂಡು ಒಳಗೆ ಬಂದರು, ಪ್ಲಾಟ್‌ಫಾರಂ ಮೇಲೆ ಹಾಸಿಗೆ ಬಿಚ್ಚಿದರು. ಕಡೆಗೆ ಸರ್ಕಾರವೇ ದಾರಿಗೆ ಬಂತು.

ಮೂರ್ ಆಗ ಉತ್ತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಕಡೆ ಇದ್ದ. ವಯಸ್ಸು 42. ಮಾಮೂಲಿಯಾಗಿ ಅವನು ಕಾರಿನಲ್ಲಿ ಓಡಾಡುತ್ತಿದ್ದ. ಅವತ್ತು ಒಂದು ರಾತ್ರಿ ಹೆಂಡತಿ ಇರೀನಾ ಜೊತೆ ಟ್ಯೂಬ್ ಹಿಡಿದು ಮನೆಗೆ ಹೊರಟ. ಬೆಲ್‌ಸೈಜ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಮೇಲೆ ಫಿರಂಗಿ ಸದ್ದು. ಹೊರಗೆ ಬಿಡುವುದಿಲ್ಲ ಎಂದರು. ಸುಮಾರು ಒಂದು ಗಂಟೆ ಕೆಳಗೇ ಕಾಯಬೇಕಾಯಿತು. ಪ್ಲಾಟ್‌ಫಾರಂ ಉದ್ದಕ್ಕೂ ಜನ ಸಾಲಾಗಿ ಮಲಗಿದ್ದರು. ಅವನು ವರ್ಷಗಟ್ಟಲೆಯಿಂದ ಕಲ್ಲಿನಲ್ಲಿ ಕೆತ್ತುತ್ತಿದ್ದ ಒರಗಿ ಮಲಗಿದ ಆಕೃತಿಗಳು ಅಲ್ಲಿ ನೂರಾರು ಇದ್ದವು, ಉಸಿರಾಡುತ್ತಿದ್ದವು.

ಅಲ್ಲಿಂದ ಮುಂದೆ ಅವನು ಬೇಕೆಂದೇ ರಾತ್ರಿ ಹೊತ್ತು ಸ್ಟೇಷನ್ನುಗಳಿಗೆ ಹೋಗತೊಡಗಿದ. ಲಿವರ್‌ಪೂಲ್ ಸ್ಟ್ರೀಟ್ ಹತ್ತಿರ ಹೊಸದಾಗಿ ಕೊರೆದ ಸುರಂಗ ಇತ್ತು, ಇನ್ನೂ ಹಳಿ ಹಾಕಿರಲಿಲ್ಲ. ಅಲ್ಲಿ ಕಣ್ಣು ಹೋಗುವಷ್ಟು ದೂರ ಎರಡು ಸಾಲು ಜನ. ಪೂರ್ವ ಲಂಡನ್ನಿನಲ್ಲಿ ಟಿಲ್ಬರಿ ಎಂಬ ಗೋದಾಮಿತ್ತು, ಅಲ್ಲಿ ಇನ್ನೂ ಜಾಸ್ತಿ ಜನ, ಜಾಸ್ತಿ ಕೊಳಕು. ಒಂದು ವಿಷಯ ನೀವು ಗಮನಿಸಬೇಕು. ಅಲ್ಲಿ ಕೂತು ಅವನು ಚಿತ್ರ ಬರೆಯಲಿಲ್ಲ. ಬಟ್ಟೆ ಬಿಚ್ಚುತ್ತಿರುವವರು, ಮಗುವಿಗೆ ಹಾಲು ಕೊಡುತ್ತಿರುವವರು, ಬಾಯಿ ಬಿಟ್ಟು ನಿದ್ದೆ ಹೋದವರು. ಅವರ ಎದುರು ಪುಸ್ತಕ ತೆರೆದು ಕೂರಲು ಅವನಿಗೆ ಮನಸ್ಸು ಬರಲಿಲ್ಲ. ಮೂಲೆಗೆ ಹೋಗಿ ನಾಲ್ಕು ಪದ ಗೀಚಿಕೊಳ್ಳುತ್ತಿದ್ದ. ಮಾರನೆಯ ದಿನ ಮನೆಯಲ್ಲಿ ನೆನಪಿನಿಂದ ಬರೆಯುತ್ತಿದ್ದ.

ಮೊಬೈಲ್ ಹಿಡಿದು ಯಾರ ಮುಖಕ್ಕೆ ಬೇಕಾದರೂ ಒಡ್ಡುವ ಕಾಲದಲ್ಲಿ ಈ ಮಾತು ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನನಗಂತೂ ಈ ಸಂಕೋಚವೇ ಚಿತ್ರದ ಶೈಲಿಯನ್ನು ನಿರ್ಧರಿಸಿತು ಅನ್ನಿಸುತ್ತದೆ. ನೆನಪಿನಲ್ಲಿ ಮೂಗಿನ ಉದ್ದ, ಕಣ್ಣಿನ ಬಣ್ಣ ಉಳಿಯುವುದಿಲ್ಲ. ಕಂಬಳಿ ಹೇಗೆ ಮೈಗೆ ಸುತ್ತಿತ್ತು, ತೋಳು ಹೇಗೆ ಮಡಚಿತ್ತು, ಭಾರ ಎಲ್ಲಿ ಬಿದ್ದಿತ್ತು ಎಂಬುದು ಉಳಿಯುತ್ತದೆ. ಅದಕ್ಕೇ ಮೂರ್‌ನ ಜನಕ್ಕೆ ಗುರುತಿನ ಮುಖ ಇಲ್ಲ.

ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ ಆಗ ಯುದ್ಧದ ಚಿತ್ರ ಬರೆಸುವ ಸರ್ಕಾರಿ ಸಮಿತಿಯ ಮುಖ್ಯಸ್ಥ. ಅವನು ಈ ಸ್ಕೆಚ್‌ಗಳನ್ನು ನೋಡಿ ಮೂರ್‌ನನ್ನು ಅಧಿಕೃತ ಯುದ್ಧ ಚಿತ್ರಕಾರನನ್ನಾಗಿ ಮಾಡಿದ. ಆ ಹೊತ್ತಿಗೆ ಮೂರ್‌ನ ಹ್ಯಾಂಪ್‌ಸ್ಟೆಡ್ ಸ್ಟುಡಿಯೋ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ಗಂಡ ಹೆಂಡತಿ ಪೆರಿ ಗ್ರೀನ್ ಎಂಬ ಹಳ್ಳಿಗೆ ಬಂದು ಹೋಗ್‌ಲ್ಯಾಂಡ್ಸ್ ಎಂಬ ಹಳೇ ಮನೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದರು. ಆಮೇಲೆ ಕೊಂಡರು. ಸಾಯುವ ತನಕ ಅವನು ಅಲ್ಲೇ ಇದ್ದ. ಉಲ್ಲನ್ ಸುತ್ತುವ ಹೆಂಗಸರು ಹುಟ್ಟಿದ್ದು ಆ ಹಳ್ಳಿಯಲ್ಲೇ.

ಈಗ ಕ್ರೆಯಾನ್ ವಿಷಯ. ನಿಮಗೆ ಇದರಲ್ಲೇ ಜಾಸ್ತಿ ಆಸಕ್ತಿ ಇರುತ್ತದೆ, ನನಗೂ ಅಷ್ಟೇ.

ಯುದ್ಧಕ್ಕೆ ಮುಂಚೆ ಒಮ್ಮೆ ಮೂರ್ ಅಣ್ಣನದೋ ತಂಗಿಯದೋ ಪುಟ್ಟ ಮಗಳಿಗೆ ಚಿತ್ರ ಬರೆದುಕೊಡುತ್ತಿದ್ದನಂತೆ. ಕೈಯಲ್ಲಿದ್ದದ್ದು ವುಲ್‌ವರ್ತ್ ಅಂಗಡಿಯ ಅಗ್ಗದ ಮೇಣದ ಕ್ರೆಯಾನ್. ಮಕ್ಕಳ ಸಾಮಾನು. ಅದರ ಮೇಲೆ ನೀರು ಬಣ್ಣ ಎಳೆದಾಗ ಮೇಣ ಇದ್ದ ಕಡೆ ಬಣ್ಣ ಹಿಡಿಯಲಿಲ್ಲ. ಸುತ್ತ ಇದ್ದ ಕಾಗದ ಮಾತ್ರ ಹಿಡಿಯಿತು. ಇದನ್ನು ನಮ್ಮ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ, ಮೇಷ್ಟ್ರು ಅದಕ್ಕೆ ‘ಮ್ಯಾಜಿಕ್ ಚಿತ್ರ’ ಅಂತ ಹೆಸರಿಟ್ಟಿರುತ್ತಾರೆ. ಮೂರ್‌ಗೆ ಇದು ಆಟವಾಗಿ ಉಳಿಯಲಿಲ್ಲ. ಸುರಂಗದ ಚಿತ್ರ ಬರೆಯುವಾಗ ಇದೇ ಅವನ ಮುಖ್ಯ ಉಪಾಯವಾಯಿತು.

ಯಾಕೆ ಅಂತ ನೋಡಿ. ಸುರಂಗದಲ್ಲಿ ಎಲ್ಲವೂ ಕತ್ತಲೆ, ಅಲ್ಲೊಂದು ಇಲ್ಲೊಂದು ದೀಪ. ಮಾಮೂಲಿ ನೀರು ಬಣ್ಣದಲ್ಲಿ ಕತ್ತಲೆ ಬರೆಯಬೇಕಾದರೆ ಬೆಳಕಿನ ಜಾಗಗಳನ್ನು ಜೋಪಾನವಾಗಿ ಬಿಟ್ಟು ಸುತ್ತಲೂ ಬಣ್ಣ ತುಂಬಬೇಕು. ಒಂದು ಹನಿ ಜಾರಿದರೂ ಬೆಳಕು ಹೋಯಿತು. ಮೇಣದಲ್ಲಿ ಹಾಗಿಲ್ಲ. ಮೊದಲು ಪೆನ್ಸಿಲ್‌ನಲ್ಲಿ ತೆಳ್ಳಗೆ ಜಾಗ ಗುರುತು ಮಾಡಿಕೊಳ್ಳುತ್ತೀರಿ. ಆಮೇಲೆ ಬೆಳಕು ಬೀಳಬೇಕಾದ ಕಡೆ ಬಿಳಿ ಅಥವಾ ಹಳದಿ ಕ್ರೆಯಾನ್ ಒತ್ತಿ ಎಳೆಯುತ್ತೀರಿ. ಬಿಳಿ ಕಾಗದದ ಮೇಲೆ ಬಿಳಿ ಕ್ರೆಯಾನ್ ಕಾಣುವುದೇ ಇಲ್ಲ. ಕೈ ಅಂದಾಜಿನ ಮೇಲೆ ಹೋಗಬೇಕು. ಆಮೇಲೆ ಕಪ್ಪು, ಬೂದು, ಮಣ್ಣು ಹಸಿರು, ಯಾವ ಬಣ್ಣದ ನೀರು ಬೇಕೋ ಅದನ್ನು ಅಗಲ ಕುಂಚದಲ್ಲಿ ಇಡೀ ಹಾಳೆಗೆ ಸುರಿಯುತ್ತೀರಿ, ಹೆದರದೆ. ನೀರು ಕಾಗದದಲ್ಲಿ ಇಂಗುತ್ತದೆ, ಮೇಣದ ಮೇಲೆ ಸಣ್ಣ ಹನಿಗಳಾಗಿ ಒಡೆದು ಪಕ್ಕಕ್ಕೆ ಜಾರುತ್ತದೆ. ಕತ್ತಲೆ ಸುರಿದಮೇಲೆ ಬೆಳಕು ಎದ್ದು ಬರುತ್ತದೆ. ಕೆಲವು ಹನಿ ಮೇಣದ ಮೇಲೇ ಒಣಗಿ ಚುಕ್ಕೆಯಾಗುತ್ತವೆ. ಅದರಿಂದ ಮೈಗೆ ಒರಟು ಬರುತ್ತದೆ, ಹಳೇ ಗೋಡೆಯ ಗಾರೆಗೆ ಇರುವಂಥ ಒರಟು.

ಎಲ್ಲ ಒಣಗಿದ ಮೇಲೆ ಶಾಯಿ. ನಿಬ್ಬಿನಲ್ಲಿ ಕಪ್ಪು ಶಾಯಿ ಹಿಡಿದು ಅಂಚುಗಳನ್ನು ಗಟ್ಟಿ ಮಾಡುವುದು. ಇಲ್ಲೊಂದು ತಮಾಷೆ ಇದೆ. ಶಾಯಿಯೂ ನೀರಿನ ಜಾತಿಯೇ ಅಲ್ವಾ? ನಿಬ್ಬು ಮೇಣದ ಮೇಲೆ ಹಾದಾಗ ಗೆರೆ ತುಂಡಾಗುತ್ತದೆ. ಕಾಗದಕ್ಕೆ ಬಂದಾಗ ಮತ್ತೆ ಹಿಡಿಯುತ್ತದೆ. ಮೂರ್‌ನ ಗೆರೆ ಕೆಲವು ಕಡೆ ನಡುಗಿದ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ. ಅದು ಭಾವನೆಯ ನಡುಕ ಅಂತ ಬರೆದವರಿದ್ದಾರೆ. ಅರ್ಧ ಭಾಗ ಮೇಣದ ಕೆಲಸ, ಅಷ್ಟು ಗೊತ್ತಿದ್ದರೆ ಸಾಕು. ಇದೆಲ್ಲ ಸಾಲದಿದ್ದರೆ ಮೇಲೆ ಇನ್ನೊಂದು ಸಲ ಕ್ರೆಯಾನ್, ಚೂಪಾದ್ದರಲ್ಲಿ ಅಲ್ಲಲ್ಲಿ ಕೆರೆದು ತೆಗೆಯುವುದು. ಪ್ರತಿ ಚಿತ್ರದಲ್ಲೂ ಇವೆಲ್ಲ ಇರಬೇಕೆಂದಿಲ್ಲ. ಕೆಲವದರಲ್ಲಿ ಶಾಯಿ ಜಾಸ್ತಿ, ಕೆಲವದರಲ್ಲಿ ಮೇಣ ಜಾಸ್ತಿ.

ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ 1941ರ ಒಂದು ಚಿತ್ರವಿದೆ. ಗುಲಾಬಿ ಮತ್ತು ಹಸಿರು ಬಣ್ಣದಲ್ಲಿ ಅಕ್ಕಪಕ್ಕ ಮಲಗಿ ನಿದ್ದೆ ಹೋದ ಇಬ್ಬರು. ಕಂಬಳಿಯ ಮಡಿಕೆಗಳು ಬೆಟ್ಟದ ಸಾಲಿನ ಹಾಗೆ ಎದ್ದಿವೆ. ಇದನ್ನು ಉಲ್ಲನ್ ಚಿತ್ರದ ಪಕ್ಕ ಇಟ್ಟು ತೋರಿಸುತ್ತೇನೆ. ಅಲ್ಲೂ ಇಬ್ಬರು, ಇಲ್ಲೂ ಇಬ್ಬರು. ಅಲ್ಲಿ ಮೈಮೇಲೆ ಕಂಬಳಿ, ಇಲ್ಲಿ ಕಾಲಿನವರೆಗೂ ಇಳಿದ ಉದ್ದ ಲಂಗ, ಅದಕ್ಕೂ ಕಂಬಳಿಯ ತೂಕವೇ. ಹಿಂದಿನ ಗೋಡೆ ಅಲ್ಲೂ ಖಾಲಿ, ಇಲ್ಲೂ ಖಾಲಿ. ಮನೆಯ ಕೋಣೆ ಅಂತೀವಿ, ಆದರೆ ಇದರಲ್ಲಿ ಒಂದು ಕ್ಯಾಲೆಂಡರ್ ಕೂಡ ಇಲ್ಲ ನೋಡಿ. ಸುರಂಗದ ಗೋಡೆಯನ್ನೇ ತಂದು ನಿಲ್ಲಿಸಿದ ಹಾಗಿದೆ.

ಗೆರೆಯನ್ನು ಇನ್ನೂ ಹತ್ತಿರದಿಂದ ನೋಡೋಣ. ತೋಳಿನ ಮೇಲೆ ಕಣ್ಣಿಡಿ. ಸಾಮಾನ್ಯವಾಗಿ ನಾವು ತೋಳು ಗುಂಡಗಿದೆ ಅಂತ ತೋರಿಸಲು ಒಂದು ಕಡೆ ನೆರಳು ಹಾಕುತ್ತೇವೆ. ಮೂರ್ ಹಾಗೆ ಮಾಡುವುದಿಲ್ಲ. ತೋಳಿನ ಉದ್ದಕ್ಕೆ ಕೆಲವು ಗೆರೆ, ಅಡ್ಡಕ್ಕೆ ಬಳೆಯ ಹಾಗೆ ಸುತ್ತುವ ಕೆಲವು ಗೆರೆ. ಈ ಎರಡು ಕೂಡಿದರೆ ನೆರಳಿಲ್ಲದೆಯೇ ದಪ್ಪ ಬರುತ್ತದೆ. ಶಿಲ್ಪಿಯ ಬುದ್ಧಿ ಇದು. ಕಲ್ಲಿನ ಸುತ್ತ ಕೈ ಓಡಿಸಿದ ಹಾಗೆ ಗೆರೆ ಓಡುತ್ತದೆ. 1940ರ ದಶಕದ ಕೊನೆಯ ಚಿತ್ರಗಳಲ್ಲಿ ಈ ರೀತಿ ತುಂಬ ಬೆಳೆಯಿತು. ಉಲ್ಲನ್ ಚಿತ್ರದಲ್ಲಿ ಏನಾಗಿದೆ ಅಂದರೆ, ಲಡಿಯ ಎಳೆ ಯಾವುದು, ಹೆಂಗಸಿನ ಮೈಯ ಗೆರೆ ಯಾವುದು ಅಂತ ಒಂದು ಕ್ಷಣ ಗೊತ್ತಾಗುವುದಿಲ್ಲ. ದಾರ ಸುತ್ತುತ್ತಿರುವವಳೂ ದಾರದಲ್ಲೇ ಸುತ್ತಿಕೊಂಡಿದ್ದಾಳೆ. ಇದು ಮೂರ್ ಬೇಕೆಂದು ಮಾಡಿದ್ದೇ? ನನ್ನ ಪ್ರಕಾರ ಹೌದು. ಇಲ್ಲದಿದ್ದರೆ ಇಷ್ಟು ಸಲ ಈ ವಿಷಯಕ್ಕೆ ಕೈ ಹಾಕುತ್ತಿರಲಿಲ್ಲ. ಉಲ್ಲನ್ ಸುತ್ತುವ ಹೆಂಗಸರನ್ನು ಅವನು ಆ ಒಂದೆರಡು ವರ್ಷದಲ್ಲಿ ಮತ್ತೆ ಮತ್ತೆ ಬರೆದಿದ್ದಾನೆ.

ಇನ್ನು ಉಲ್ಲನ್ ಬಗ್ಗೆ. ಇದನ್ನು ಬಿಟ್ಟರೆ ಚಿತ್ರ ಅರ್ಧ ಮಾತ್ರ ಅರ್ಥವಾಗುತ್ತದೆ.

ಯುದ್ಧ 1945ರಲ್ಲಿ ಮುಗಿಯಿತು ನಿಜ. ಗೆದ್ದ ಇಂಗ್ಲೆಂಡಿನಲ್ಲಿ ರೇಷನ್ ಮುಗಿಯಲಿಲ್ಲ. ಯುದ್ಧದ ಕಾಲದಲ್ಲೂ ಲೆಕ್ಕವಿಲ್ಲದೆ ಸಿಗುತ್ತಿದ್ದ ಬ್ರೆಡ್ಡಿಗೆ ಯುದ್ಧ ಮುಗಿದಮೇಲೆ, 1946ರ ಜುಲೈನಲ್ಲಿ ರೇಷನ್ ಬಂತು. ಎರಡು ವರ್ಷ ನಡೆಯಿತು. 1947ರ ಚಳಿಗಾಲದಲ್ಲಿ ಹಿಮ ಬಿದ್ದು ರೈಲು ನಿಂತವು, ಕಲ್ಲಿದ್ದಲು ಸಾಗಲಿಲ್ಲ, ಕರೆಂಟು ಕಡಿತ, ಫ್ಯಾಕ್ಟರಿಗಳಿಗೆ ಬೀಗ. ಮಾಂಸದ ರೇಷನ್ ತೆಗೆದದ್ದು 1954ರಲ್ಲಿ. ಅಂದರೆ ಯುದ್ಧ ಮುಗಿದು ಒಂಬತ್ತು ವರ್ಷಕ್ಕೆ.

ಬಟ್ಟೆಗೂ ಕೂಪನ್ ಇತ್ತು. 1941ರ ಜೂನ್‌ನಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 66 ಕೂಪನ್. ಕೋಟು, ಲಂಗ, ಕಾಲುಚೀಲ, ಎಲ್ಲಕ್ಕೂ ಇಷ್ಟಿಷ್ಟು ಅಂತ ಲೆಕ್ಕ. ಹೆಣೆಯುವ ಉಲ್ಲನ್‌ಗೂ ಕೂಪನ್ ಕತ್ತರಿಸಬೇಕಿತ್ತು. ಹಾಗಾಗಿ ಜನ ಏನು ಮಾಡಿದರು? ಹಳೇ ಸ್ವೆಟರ್ ಬಿಚ್ಚಿದರು. ನಿಮ್ಮ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಸ್ವೆಟರ್ ಹೆಣೆಯುತ್ತಿದ್ದರೆ ಈ ಕೆಲಸ ನೋಡಿರುತ್ತೀರಿ. ಬಿಚ್ಚಿದ ದಾರ ನೇರವಾಗಿರುವುದಿಲ್ಲ, ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿ. ಅದನ್ನು ಲಡಿ ಮಾಡಿ, ಎರಡು ಮೂರು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ಅದ್ದಿ, ಸುರುಳಿ ಹೋಗುವ ಹಾಗೆ ನೇತುಹಾಕಿ ಒಣಗಿಸಬೇಕು. ಆಮೇಲೆ ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಉಂಡೆ ಸುತ್ತುತ್ತಾರೆ. ಒಬ್ಬರೇ ಇದ್ದರೆ ಕುರ್ಚಿಯ ಬೆನ್ನಿಗೆ ಹಾಕಿಕೊಳ್ಳುವುದೂ ಉಂಟು. ಇಬ್ಬರಿದ್ದರೆ ಸಲೀಸು. ಹಿಡಿದವರಿಗೆ ಮಾತ್ರ ಅಲ್ಲಾಡುವಂತಿಲ್ಲ, ತೋಳು ನೋಯುತ್ತದೆ. ಸ್ವಲ್ಪ ಕೈ ಕೆಳಗಿಳಿಸಿದರೆ ಎಳೆ ಸಿಕ್ಕಾಗುತ್ತದೆ.

ಇಂಗ್ಲೆಂಡಿನ ಸರ್ಕಾರವೇ 1943ರಲ್ಲಿ ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಇದ್ದದ್ದರಲ್ಲೇ ಸುಧಾರಿಸಿ, ಹರಿದದ್ದನ್ನು ಹೊಲಿದುಕೊಳ್ಳಿ ಅಂತ ಹೆಂಗಸರಿಗೆ ಪಾಠ ಹೇಳಿತ್ತು. ಹಳ್ಳಿಯ ಹೆಂಗಸರಿಗೆ ಸರ್ಕಾರ ಸೂಜಿ ಹಿಡಿಯಲು ಕಲಿಸುವುದು! ಅದು ಇರಲಿ.

ಬಟ್ಟೆಯ ರೇಷನ್ ರದ್ದಾದದ್ದು 1949ರ ಮಾರ್ಚ್‌ನಲ್ಲಿ. ನಮ್ಮ ಚಿತ್ರದ ವರ್ಷವೂ 1949. ಹಾಗಾಗಿ ಈ ಹೆಂಗಸರ ಕೈಯಲ್ಲಿರುವುದನ್ನು ಹವ್ಯಾಸದ ಉಲ್ಲನ್ ಅಂತ ನೋಡುವುದು ತಪ್ಪು. ಎಂಟು ವರ್ಷ ಎಣಿಸಿ ಎಣಿಸಿ ಬಳಸಿದ ಸಾಮಾನು ಅದು. ಒಂದು ಎಳೆಯೂ ಹಾಳಾಗಬಾರದು ಎಂಬ ಅಭ್ಯಾಸ ಕೈಗೆ ಬಂದುಬಿಟ್ಟಿದೆ. ಮುಖದಲ್ಲಿ ನಗು ಇಲ್ಲ, ಕೈ ಮಾತ್ರ ಎಚ್ಚರ ಅಂತ ಮೊದಲು ಹೇಳಿದೆನಲ್ಲ, ಅದು ಯಾಕೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ.

ಇನ್ನೊಂದು ಭಾಗ ಮೂರ್‌ನ ಮನೆಯಲ್ಲೇ ಇದೆ. 1944ರಲ್ಲಿ ಅವನ ತಾಯಿ ತೀರಿಕೊಂಡಳು. 1946ರ ಮಾರ್ಚ್‌ನಲ್ಲಿ ಮಗಳು ಹುಟ್ಟಿದಳು. ಮದುವೆಯಾಗಿ ಹದಿನೇಳನೇ ವರ್ಷಕ್ಕೆ ಹುಟ್ಟಿದ ಮಗು, ಒಬ್ಬಳೇ ಮಗಳು. ಅವಳಿಗೆ ಅಜ್ಜಿಯ ಹೆಸರನ್ನೇ ಇಟ್ಟರು, ಮೇರಿ. ಅಲ್ಲಿಂದ ಮುಂದೆ ಅವನ ಸ್ಕೆಚ್ ಬುಕ್ಕುಗಳಲ್ಲಿ ಮಗುವಿಗೆ ಸ್ನಾನ ಮಾಡಿಸುವುದು, ತೊಡೆ ಮೇಲೆ ಕೂರಿಸಿಕೊಳ್ಳುವುದು, ಪುಸ್ತಕ ಓದುವುದು, ಹೆಣೆಯುವುದು ಇಂಥವು ತುಂಬಿಕೊಂಡವು. ಗಮ್ಮತ್ತು ಏನೆಂದರೆ ಅವನು ಪ್ರಪಂಚಕ್ಕೆಲ್ಲ ಗೊತ್ತಾದದ್ದು ಇದೇ ಹೊತ್ತಿನಲ್ಲಿ. 1946ರಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಪ್ರದರ್ಶನ. 1948ರಲ್ಲಿ ಇಟಲಿಯ ವೆನಿಸ್ ಬಿಯನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಶಿಲ್ಪಕ್ಕೆ ಅಂತಾರಾಷ್ಟ್ರೀಯ ಬಹುಮಾನ. ಹೊರಗೆ ಇಷ್ಟು ಗದ್ದಲ. ಮನೆಗೆ ಬಂದರೆ ಬರೆದದ್ದು ಲಡಿ ಮತ್ತು ಉಂಡೆ.

ಅವನ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಯಾರ್ಕ್‌ಷೈರ್‌ನ ಕ್ಯಾಸಲ್‌ಫರ್ಡ್ ಅವನ ಊರು. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿದ್ದವನು. ಎಂಟು ಮಕ್ಕಳಲ್ಲಿ ಇವನು ಏಳನೆಯವನು. ಅಮ್ಮನಿಗೆ ಸಂಧಿವಾತ. ಹುಡುಗನನ್ನು ಕರೆದು ಬೆನ್ನಿಗೆ ಎಣ್ಣೆ ಉಜ್ಜು ಅನ್ನುತ್ತಿದ್ದಳು. ಆ ಬೆನ್ನಿನ ಎಲುಬು, ಮಾಂಸ, ಎಲ್ಲಿ ಗಟ್ಟಿ ಎಲ್ಲಿ ಮೆತ್ತಗೆ, ಅದೆಲ್ಲ ಕೈಗೆ ನೆನಪಿದೆ ಅಂತ ಅವನು ದೊಡ್ಡವನಾದಮೇಲೂ ಹೇಳುತ್ತಿದ್ದ. ಮೂರ್‌ನ ಹೆಂಗಸರು ಯಾಕೆ ಅಷ್ಟು ಅಗಲ ಬೆನ್ನಿನವರು, ಯಾಕೆ ತಲೆ ಚಿಕ್ಕದು ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಎಣ್ಣೆ ಉಜ್ಜುವ ಹುಡುಗನ ಜಾಗದಲ್ಲಿ ನಿಂತು ನೋಡಿ, ಅಮ್ಮ ಹೀಗೇ ಕಾಣುತ್ತಾಳೆ.

ಅವನು ಸ್ವತಃ ಸಿಪಾಯಿಯಾಗಿದ್ದವನು ಕೂಡ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಫ್ರಾನ್ಸಿನ ಕಾಂಬ್ರೆ ಕದನದಲ್ಲಿ ವಿಷದ ಗಾಳಿ ಕುಡಿದು ಆಸ್ಪತ್ರೆ ಸೇರಿದ್ದ. ವಯಸ್ಸು 19. ಆ ಯುದ್ಧದ ಬಗ್ಗೆ ಅವನು ಇಂಥ ಚಿತ್ರ ಬರೆಯಲಿಲ್ಲ. ಎರಡನೇ ಯುದ್ಧದಲ್ಲೂ ಬರೆದದ್ದು ಬಂದೂಕನ್ನಲ್ಲ, ಮಲಗಿದವರನ್ನು. ಅದಾದ ಮೇಲೆ 1941ರ ಕೊನೆಗೆ ಅಪ್ಪ ದುಡಿದ ಗಣಿಗೇ ಇಳಿದು ಗಣಿಕೆಲಸದವರನ್ನು ಬರೆದ. ಒಟ್ಟಿನಲ್ಲಿ ಅವನಿಗೆ ಯುದ್ಧ ಅಂದರೆ ನೆಲದ ಕೆಳಗಿನ ಜನ.

ಈಗ ಒಂದು ತಕರಾರು. ಇದೇ ಕಾಲದಲ್ಲಿ ಮೂರ್ ‘ಕುಟುಂಬ’ ಎಂಬ ವಿಷಯದ ಮೇಲೆ ಬಹಳ ಚಿತ್ರ, ಶಿಲ್ಪ ಮಾಡಿದ. ಅಪ್ಪ, ಅಮ್ಮ, ನಡುವೆ ಮಗು. ಸ್ಟೀವನೇಜ್ ಎಂಬ ಹೊಸ ಪಟ್ಟಣದ ಶಾಲೆಗೆ ಅಂಥ ಒಂದು ಕಂಚಿನ ಶಿಲ್ಪ ಮಾಡಿಕೊಟ್ಟ, 1948–49ರದು. ಆಗಿನ ಸರ್ಕಾರ ಮಕ್ಕಳಿರುವ ಮನೆಗಳಿಗೆ ಭತ್ಯೆ ಕೊಡಲು ಶುರು ಮಾಡಿತ್ತು. 1948ರ ಜುಲೈನಲ್ಲಿ ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆಯೂ ಬಂತು. ಹೊಸ ನಾಡಿಗೆ ಒಂದು ಚಂದದ ಕುಟುಂಬದ ಚಿತ್ರ ಬೇಕಿತ್ತು, ಮೂರ್ ಕೊಟ್ಟ. ನನಗೆ ಆ ಕುಟುಂಬಗಳು ಸ್ವಲ್ಪ ಸಿಹಿ ಜಾಸ್ತಿ. ಎಲ್ಲರೂ ಫೋಟೋಕ್ಕೆ ಕೂತ ಹಾಗಿದ್ದಾರೆ. ಉಲ್ಲನ್ ಸುತ್ತುವ ಹೆಂಗಸರಲ್ಲಿ ಆ ಸಿಹಿ ಇಲ್ಲ. ಇಲ್ಲಿ ಗಂಡಸೂ ಇಲ್ಲ. ಯುದ್ಧ ಮುಗಿದ ಮೇಲೆ ಅಲ್ಲಿ ಎಷ್ಟೋ ಹೆಂಗಸರು ಫ್ಯಾಕ್ಟರಿ ಕೆಲಸ ಬಿಟ್ಟು ಮನೆ ಸೇರಬೇಕಾಯಿತು. ಯುದ್ಧಕ್ಕಾಗಿ ತೆರೆದಿದ್ದ ಎಷ್ಟೋ ಶಿಶುವಿಹಾರಗಳೂ ಮುಚ್ಚಿದವು. ಮೂರ್ ಅದನ್ನೆಲ್ಲ ಯೋಚಿಸಿ ಬರೆದ ಅಂತ ನಾನು ಹೇಳುವುದಿಲ್ಲ. ಆದರೆ ಚಾಚಿದ ಕೈಯನ್ನು ಕೆಳಗಿಳಿಸುವಂತಿಲ್ಲದೆ ಕೂತವಳ ಚಿತ್ರ ನೋಡಿದಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೂರ್ ಸುರಂಗದ ಜನರನ್ನು ಬರೆದು ಎರಡು ವರ್ಷಕ್ಕೆ, ಅದೇ ರಾಜನ ಪ್ರಜೆಗಳು 1943ರಲ್ಲಿ ಬಂಗಾಳದಲ್ಲಿ ಹಸಿವಿನಿಂದ ರಸ್ತೆ ಬದಿಯಲ್ಲಿ ಬಿದ್ದು ಸಾಯುತ್ತಿದ್ದರು. ಸುಮಾರು 30 ಲಕ್ಷ ಜನ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬಂಗಾಳದ ಯುವ ಚಿತ್ರಕಾರ ಜೈನುಲ್ ಆಬೆದಿನ್ ಅಗ್ಗದ ಕಾಗದದ ಮೇಲೆ ಕುಂಚ ಮತ್ತು ಕಪ್ಪು ಶಾಯಿಯಲ್ಲಿ ಅವರನ್ನು ಬರೆದ. ಚಿತ್ತಪ್ರಸಾದ್ ಎಂಬ ಇನ್ನೊಬ್ಬ ಚಿತ್ರಕಾರ ಹಳ್ಳಿ ಹಳ್ಳಿ ಸುತ್ತಿ ಬರೆದ. ಅವನ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡು ಸುಟ್ಟಿತು. ಮೂರ್‌ನ ಚಿತ್ರಗಳನ್ನು ಅದೇ ಸರ್ಕಾರ ಹಣ ಕೊಟ್ಟು ಬರೆಸಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ತೂಗುಹಾಕಿತ್ತು. ಇದರಲ್ಲಿ ಮೂರ್‌ನ ತಪ್ಪೇನೂ ಇಲ್ಲ. ಆದರೆ ನಾವು ಇಲ್ಲಿ ಕೂತು ಈ ಚಿತ್ರ ನೋಡುವಾಗ ಈ ಎರಡೂ ಹಾಳೆ ಪಕ್ಕಪಕ್ಕ ಇರಬೇಕು. ಆಬೆದಿನ್ ಹಾಳೆಯಲ್ಲಿ ಬೆಳಕು ತರಲು ಮೇಣ ಇಲ್ಲ. ಖಾಲಿ ಕಾಗದ, ಕಪ್ಪು ಗೆರೆ, ಅಷ್ಟೇ.

ನನ್ನ ಮಾತು ಇಲ್ಲಿಗೆ ಸಾಕು. ಈಗ ನಿಮ್ಮ ಪ್ರಶ್ನೆ.

‘ಸರ್, ಮೂರ್ ಕೊನೆಯವರೆಗೂ ಕ್ರೆಯಾನ್ ಬಿಡಲಿಲ್ವಾ?’

ಪೂರ್ತಿ ಬಿಡಲಿಲ್ಲ. ಆದರೆ 1950ರ ದಶಕದಲ್ಲಿ ಚಿತ್ರ ಬರೆಯುವುದೇ ಕಮ್ಮಿಯಾಯಿತು. ಮೊದಲೆಲ್ಲ ಶಿಲ್ಪದ ಯೋಚನೆಯನ್ನು ಕಾಗದದ ಮೇಲೆ ಹುಡುಕುತ್ತಿದ್ದ. ಆಮೇಲೆ ಅಂಗೈ ಅಗಲದ ಪ್ಲಾಸ್ಟರ್ ಮಾದರಿಗಳನ್ನು ಮಾಡಿ ತಿರುಗಿಸಿ ನೋಡುವುದು ಅಭ್ಯಾಸವಾಯಿತು. ಕೆಲಸ ದೊಡ್ಡದಾಯಿತು, ಸಹಾಯಕರು ಬಂದರು. ಮತ್ತೆ ಜೋರಾಗಿ ಚಿತ್ರಕ್ಕೆ ಮರಳಿದ್ದು ಎಪ್ಪತ್ತು ದಾಟಿದ ಮೇಲೆ. 1972ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ದೊಡ್ಡ ಪ್ರದರ್ಶನಕ್ಕೆ ಶಿಲ್ಪಗಳನ್ನು ಪ್ಯಾಕ್ ಮಾಡುತ್ತಿದ್ದರು. ಸ್ಟುಡಿಯೋದಲ್ಲಿ ಗಲಾಟೆಯೋ ಗಲಾಟೆ. ಇವನು ಒಂದು ಚಿಕ್ಕ ಕೋಣೆಗೆ ಹೋಗಿ ಕೂತ. ಕಿಟಕಿಯ ಆಚೆ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಬಾಲ್ ಪೆನ್ ತಗೊಂಡು ಬರೆಯತೊಡಗಿದ. ಮೊದಮೊದಲು ಅವು ತಲೆ, ನಾಲ್ಕು ಕಾಲು ಇರುವ ಉಣ್ಣೆಯ ಮುದ್ದೆಯ ಹಾಗೆ ಕಂಡವಂತೆ. ದಿನಾ ನೋಡುತ್ತಾ ಹೋದ ಹಾಗೆ ಒಳಗಿನ ಮೈ ಕಾಣತೊಡಗಿತು. ಆ ಸ್ಕೆಚ್ ಬುಕ್ ಪೂರ್ತಿ ಕುರಿಗಳೇ. ಬಾಲ್ ಪೆನ್ನಿನ ಗೀಚು ಗೀಚಾದ ಗೆರೆ ಉಣ್ಣೆಗೆ ಬಹಳ ಚೆನ್ನಾಗಿ ಒಗ್ಗಿದೆ. ಅವಕಾಶ ಸಿಕ್ಕರೆ ನೋಡಿ.

‘ಈ ಮೇಣದ ರೀತಿಯನ್ನು ನಾವು ಆಯಿಲ್ ಪೇಸ್ಟಲ್‌ನಲ್ಲಿ ಮಾಡಬಹುದಾ ಸರ್?’

ಮಾಡಬಹುದು, ಆದರೆ ಬೇಸರವಾಗುತ್ತದೆ. ಆಯಿಲ್ ಪೇಸ್ಟಲ್ ಮೆತ್ತಗೆ, ಕೈಗೆ ಅಂಟುತ್ತದೆ. ಮೇಲೆ ನಿಬ್ಬು ಹಾಕಿದರೆ ನಿಬ್ಬಿನ ಬಾಯಿ ಕಟ್ಟಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಮೇಣದ ಕ್ರೆಯಾನ್ ಸಾಕು, ಅಗ್ಗದ್ದಾದರೂ ಪರವಾಗಿಲ್ಲ. ಬಿಳಿ ಬಣ್ಣ ಸಿಗದಿದ್ದರೆ ಮೇಣದಬತ್ತಿಯ ತುಂಡು ತಗೊಳ್ಳಿ. ಕಾಗದ ದಪ್ಪ ಇರಲಿ, ತೆಳ್ಳಗಿದ್ದರೆ ನೀರಿಗೆ ಸುಕ್ಕುಗಟ್ಟುತ್ತದೆ. ಕ್ರೆಯಾನ್ ಒತ್ತಿ ಎಳೆಯಿರಿ, ಸುಮ್ನೆ ಸವರಿದರೆ ನೀರು ಒಳಗೆ ನುಗ್ಗುತ್ತದೆ. ಕಡು ಬಣ್ಣದ ವಾಶ್, ಅಂದರೆ ಅಗಲವಾಗಿ ಬಳಿಯುವ ನೀರು ಬಣ್ಣ, ಒಂದೇ ಸಲಕ್ಕೆ ಹಾಕಿ, ಮತ್ತೆ ಮತ್ತೆ ಕುಂಚ ಆಡಿಸಬೇಡಿ. ಶಾಯಿ ಮಾತ್ರ ಒಣಗಿದ ಮೇಲೆ ನೀರಿಗೆ ಕರಗದಂಥದ್ದು ಇರಬೇಕು, ಇಲ್ಲದಿದ್ದರೆ ಎರಡನೇ ವಾಶ್ ಹಾಕುವಾಗ ಗೆರೆಯೆಲ್ಲ ಹರಿದುಹೋಗುತ್ತದೆ. ಮೊದಲು ಬರೆಯುವುದಕ್ಕೆ ಮನೆಯವರ ಕೈಗಳನ್ನು ತಗೊಳ್ಳಿ, ಸೊಪ್ಪು ಬಿಡಿಸುವಾಗ, ಹೂ ಕಟ್ಟುವಾಗ. ಅವರ ಎದುರು ಕೂತು ಬರೆಯಬೇಡಿ. ನೋಡಿಕೊಂಡು ಬಂದು ಮಾರನೆಯ ದಿನ ಬರೆಯಿರಿ.